ಕೂಸಿನ ತಕ್ಕಡಿ

ಹೆರಿಗೆ ಕೋಣೆಯ ತಕ್ಕಡಿಯಲ್ಲಿ ಇವತ್ತು
ದೋಣಿ ಮಲಗಿಸಿದೆ.
ಸುತ್ತಿ ಬಿಗಿದ ಕಿತ್ತಳೆ ಬಣ್ಣದ ಬಟ್ಟೆ,
ಉಸಿರಿಲ್ಲ, ಮಿಸುಕಿಲ್ಲ.
ಎರಡು ಕಿಲೋ ಒಂಬೈನೂರು.
"ದಿನ ತುಂಬಿದ ತೂಕ" ಅಂದಿತು ಬಾಯಿ ತಾನಾಗಿ,
ಹನ್ನೊಂದು ವರ್ಷದ ರೂಢಿ.

ಲಾಯಿಂಗ್ ನಕ್ಕ. ಚಿಕ್ಕಮ್ಮನ ಮಗ,
ದೋಣಿಯ ಎಂಜಿನ್ ಬಿಚ್ಚಿ ಕಟ್ಟುವವನು,
ಉಗುರ ಸಂದಿಯ ಕರಿ ಮದುವೆಯ ದಿನವೂ ಹೋಗಿರಲಿಲ್ಲ.
ಅವನು ಪಟ್ಟಿ ಓದುತ್ತಾನೆ, ನಾನು ತೂಗುತ್ತೇನೆ.
ಅಕ್ಕಿ, ತಲೆಗೆ ದಿನಕ್ಕೆ ಮುನ್ನೂರು ಗ್ರಾಂ, ಹದಿಮೂರು ದಿನ.
ಉಪ್ಪು. ಅಜ್ಜಿಯ ಕಾಲಕ್ಕೆ ಉಪ್ಪಿಗೆಂದೇ
ತಿಂಗಳುಗಟ್ಟಲೆ ನಡೆಯುತ್ತಿದ್ದರಂತೆ,
ಅದಕ್ಕೇ ಒಂದು ಹಿಡಿ ಹೆಚ್ಚು.
ಇಂಬಳಕ್ಕೆ ಹೊಗೆಸೊಪ್ಪು.
ಬೂಟು ಬೇಡ, ನೀರು ತುಂಬಿದರೆ ಕಾಲಿಗೆ ಕಟ್ಟಿದ ಗುಂಡುಕಲ್ಲು.
ಜ್ವರದ ಮಾತ್ರೆ, ಹೊಲಿಗೆಯ ಸೂಜಿ, ಇವು ನನ್ನ ಪಾಲು.
ಅಂಟು, ತೇಪೆ ಅವನ ಪಾಲು.
ಚರ್ಮ ಹರಿದರೆ ನಾನು, ದೋಣಿ ಹರಿದರೆ ಅವನು.

ಹುಟ್ಟು ನಾಲ್ಕು ತುಂಡು. ಕಳಚಿದರೆ
ಬೆನ್ನಚೀಲದ ಬದಿಗೆ ಸರಿಯಾಗಿ ಕೂರುತ್ತದೆ.
ಹುಟ್ಟನ್ನು ಕೈಯಲ್ಲಿ ಹಿಡಿಯುವುದು
ನನಗೇನು ಹೊಸದೆ?

ತರಕಾನ್‌ನಿಂದ ಶುಕ್ರವಾರದ ಪುಟ್ಟ ವಿಮಾನ, ಮೋಡ ಒಪ್ಪಿದರೆ.
ಮೇಲೂರಿನ ಹುಲ್ಲು ಬಯಲಲ್ಲಿ ಇಳಿದು
ಬೆಟ್ಟದ ಬೆನ್ನು ಹತ್ತಿ ನಾಲ್ಕು ದಿನ ನಡಿಗೆ.
ಅಲ್ಲಿ ಮೊಣಕಾಲುದ್ದದ ತೊರೆ.
ಅಲ್ಲಿಂದ ದೋಣಿಗೆ ಉಸಿರು ತುಂಬಿ, ಒಂಬತ್ತು ದಿನ,
ದಂಡೆಯಲ್ಲಿ ಒಂದೂ ಮನೆಯಿಲ್ಲ.
ಈಗ ಇಲ್ಲ.
ಐವತ್ತು ಬಾಗಿಲಿನ ಉದ್ದ ಮನೆಯಲ್ಲಿ ಅವ್ವ ಹುಟ್ಟಿದ್ದು ಅಲ್ಲೇ.
ಶಾಲೆ, ಉಪ್ಪು, ಆಸ್ಪತ್ರೆ ಹುಡುಕಿಕೊಂಡು
ಊರಿಗೆ ಊರೇ ಇಳಿದು ಬಂತು.
ಹಿತ್ತಲು ಎಲ್ಲಿತ್ತೆಂದು ಈಗ
ದುರಿಯನ್ ಮರಗಳಿಗೆ ಮಾತ್ರ ಗೊತ್ತು.

ಅವ್ವನಿಗೆ ಇದೊಂದೂ ಒಗ್ಗದು:
"ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುತ್ತೀಯ.
ಮಳೆ ಯಾರ ಪಟ್ಟಿ ಓದಿ ಬಂದಿದೆ?"
ಅವ್ವಾ, ನನಗೆ ಸಂಬಳ ಕೊಡುವುದೇ
ಕುಲಾವಿ ಮೊದಲು ಸಿದ್ಧವಿರಲಿ ಅಂತ.

ಆಕಾಶದಿಂದ ತೆಗೆದ ಚಿತ್ರವನ್ನು ಮೇಜಿನ ಮೇಲೆ ಹರಡಿದೆವು.
ಹಸಿರು, ಹಸಿರು, ನಡುವೆ ಮೋಡದ ಬಿಳಿ ತೂತು.
ನೊರೆ ಕಂಡಲ್ಲೆಲ್ಲ ಲಾಯಿಂಗ್ ಇಟ್ಟ ಕೆಂಪು ಚುಕ್ಕೆ ಹದಿನೇಳು.
ಜಲುಂಗ್ ಅಜ್ಜ ಕನ್ನಡಕವಿಲ್ಲದೆ ನೋಡಿ
"ಇಪ್ಪತ್ತೆರಡು" ಅಂದ.
"ಐದು ಮರದಡಿ ಇವೆ. ಮುಗಿಲಿಗೆ ಕಾಣವು."
ಲವಂಗದ ಸಿಗರೇಟಿನ ಹೊಗೆಯ ಒಳಗಿಂದ
ಒಂದೊಂದೇ ಗಿರಾಂ ಹೆಸರು ಹೊತ್ತು ಇಳಿಯಿತು:
ಹಂದಿ ಈಜಿದ್ದು. ಸೊಸೆಯ ಕೊಡ.
ಎರಡು ಸಲ ಅಳುವುದು.
ಸುಳ್ಳುಗಾರ, ದೂರಕ್ಕೆ ಸದ್ದೇ ಇಲ್ಲ,
ತಿರುವು ದಾಟಿದರೆ ಬರೀ ಬಾಯಿ.
ಹದಿನಾಲ್ಕನೆಯದಕ್ಕೆ ಬಂದು ನಿಂತ.
"ಇಲ್ಲಿ ಇಳಿದು ನಡೆಯಿರಿ. ಬಲದಂಡೆ. ಅರ್ಧ ದಿನ."
ಹೆಸರು, ಅಜ್ಜ?
ಸಿಗರೇಟು ಆರಿತ್ತು. ಮತ್ತೆ ಹಚ್ಚಿಕೊಂಡ.
"ಹದಿನೈದು ಸುಲಭ" ಅಂದ.

ಪೆನ್ಸಿಲ್ಲಿನಲ್ಲಿ ಅಲ್ಲೊಂದು ಸೊನ್ನೆ ಸುತ್ತಿದೆ.
ಇಬ್ಬರಿಗೆ, ಅರ್ಧ ದಿನಕ್ಕೆ, ಮುನ್ನೂರು ಗ್ರಾಂ ಅಕ್ಕಿ ಕೂಡಿಸಿದೆ.
ಅವನು ಹೇಳದ್ದರಲ್ಲಿ
ನನ್ನ ತಕ್ಕಡಿಗೆ ಸಿಕ್ಕದ್ದು ಇಷ್ಟೇ.

ರಜೆಯ ಅರ್ಜಿಯಲ್ಲಿ ಕಾರಣದ ಸಾಲು ಇನ್ನೂ ಖಾಲಿ.
"ಕುಟುಂಬದ ಕೆಲಸ" ಎಂದು ಬರೆದು ಹೊಡೆದುಹಾಕಿದೆ,
ಸುಳ್ಳಲ್ಲ, ಆದರೂ.

ರಾತ್ರಿ ತೂತಿದೆಯೇ ನೋಡೋಣವೆಂದು ಮೊಗಸಾಲೆಯಲ್ಲಿ
ದೋಣಿ ಊದಿದೆ. ಚೀಲದಲ್ಲಿ ಗಾಳಿ ಹಿಡಿದು, ಹಿಂಡಿ, ಹಿಡಿದು, ಹಿಂಡಿ,
ಮಡಿಕೆಗಳೆಲ್ಲ ಬಿಚ್ಚಿ ಕಿತ್ತಳೆ ಮೈ ಎದ್ದಿತು.
ಒಂಬತ್ತು ತುಂಬಿ ನಿದ್ದೆ ಬಾರದ ಉಸುನ್
ಗೋಡೆ ಹಿಡಿದು ಬಂದಳು.
ಇದೇನು ಅಂತ ಕೇಳಲೂ ಇಲ್ಲ.
ನನ್ನ ಹೆಗಲೂರಿ, ಒಂದು ಕಾಲು, ಇನ್ನೊಂದು ಕಾಲು,
ಮೆಲ್ಲಗೆ ಒರಗಿ ಕಣ್ಣು ಮುಚ್ಚಿದಳು.
"ನಿಮ್ಮ ಮಂಚಕ್ಕಿಂತ ಮೇಲು."
ಏಳು ಉಸುನ್, ಅದು ಹೊಳೆಗೆ.
"ನೋವು ಬಂದರೆ ಏಳುತ್ತೇನೆ."
ದೀಪ ಆರಿಸಲೇ ಅಂದೆ.
"ಬೇಡ, ಈ ಬಣ್ಣ ಇರಲಿ" ಅಂದಳು.